ಠಾಣೆಯಲ್ಲೇ ಉಳಿದ ಕೋವಿ

ಪಟ್ಟಂ ಜಂಕ್ಷನ್ನಿನಿಂದ ಪ್ಲಾಮೂಡಿನ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ಸಂಜೆ ಹೊತ್ತು ಒಬ್ಬರು ಮರಗೆಣಸು ಮಾರಲು ಕೂರುತ್ತಾರೆ. ನೆಡುಮಂಗಾಡಿನ ಕಡೆಯ ರೈತ. ನನ್ನ ಕಾಸರಗೋಡಿನ ಮಲಯಾಳ ಕೇಳಿ ಮೊದಲ ದಿನವೇ "ಸಾರ್ ವಡಕ್ಕನ್ ಅಲ್ಲವೇ" ಎಂದು ಗುರುತು ಹಿಡಿದವರು. ಕಳೆದ ವಾರ ಹೋದಾಗ ರಾಶಿಯಲ್ಲಿದ್ದದ್ದೆಲ್ಲ ಸಣ್ಣ ಸಣ್ಣ ಗೆಣಸು, ಕೆಲವಕ್ಕೆ ತುದಿಯೇ ಇರಲಿಲ್ಲ. ಇದೇನು ಎಂದರೆ, "ಪನ್ನಿ ತಿಂದು ನಮಗೂ ಸ್ವಲ್ಪ ಬಿಟ್ಟಿದೆ ಸಾರ್" ಎಂದು ನಕ್ಕರು.

ಪಂಚಾಯತಿಗೆ ಹೇಳಲಿಲ್ಲವೇ ಎಂದು ಕೇಳಿದೆ.

"ಹೇಳಿದೆ. ಕಾಗದ ಆಯಿತು. ಕೋವಿಯವರು ಸಿಗಲಿಲ್ಲ."

ಗೆಣಸಿನ ಚೀಲ ಹಿಡಿದುಕೊಂಡು ಮನೆಗೆ ನಡೆಯುವಾಗ ಈ ಮಾತು ತಲೆಯಿಂದ ಹೋಗಲಿಲ್ಲ. ಯಾಕೆಂದರೆ ಸಿಗದ ಆ ಕೋವಿಯವರಲ್ಲಿ ಒಬ್ಬ ನಾನು. ನೆಡುಮಂಗಾಡಿನವನಲ್ಲ, ರಾಜ್ಯದ ಇನ್ನೊಂದು ತುದಿಯ ಬದಿಯಡ್ಕದ ಕಡೆಯವನು. ಅಲ್ಲಿ ಒಂದು ಪೊಲೀಸ್ ಠಾಣೆಯಲ್ಲಿ ಅಪ್ಪನ ಕೋವಿ ಇತ್ತು. ಅದರ ರಶೀದಿ ನನ್ನ ಪಟ್ಟಂ ಮನೆಯ ಕಪಾಟಿನಲ್ಲಿತ್ತು.

ಅದು ಒಂಟಿ ನಳಿಗೆಯ, ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿ. ಲೈಸೆನ್ಸ್ ಪುಸ್ತಕದಲ್ಲಿ ಎಸ್‌ಬಿಎಂಎಲ್ ಎಂದು ಬರೆದಿರುತ್ತದೆ. ಊರಿನ ಬಾಯಲ್ಲಿ ಕೇಪಿನ ಕೋವಿ. ಉದ್ದೇಶ ಎಂಬ ಕಡೆ 'ಬೆಳೆ ರಕ್ಷಣೆ'. ಅಜ್ಜನ ಕಾಲದ್ದು ಅಪ್ಪನಿಗೆ ಬಂತು. ಅಪ್ಪ ಅದರಿಂದ ಒಂದು ಹಂದಿಯನ್ನೂ ಹೊಡೆದದ್ದನ್ನು ನಾನು ಕಂಡಿಲ್ಲ. ಗದ್ದೆಯಲ್ಲಿ ತೆನೆ ಹಾಲು ತುಂಬುವ ಹೊತ್ತಿಗೆ ರಾತ್ರಿ ಊಟ ಮುಗಿಸಿ, ತಲೆಗೆ ಬೈರಾಸು ಸುತ್ತಿ, ಗುಡ್ಡೆಯ ಬದಿಗೆ ಹೋಗಿ ಆಕಾಶಕ್ಕೆ ಒಂದು ಹೊಡೆದು ಬರುತ್ತಿದ್ದರು. "ಇಲ್ಲಿ ಜನ ಇದ್ದಾರೆ ಅಂತ ಅದಕ್ಕೆ ಗೊತ್ತಾದರೆ ಸಾಕು" ಎನ್ನುವುದು ಅವರ ಲೆಕ್ಕ. ಆ ಶಬ್ದಕ್ಕೆ ಎಚ್ಚರವಾಗಿ, ಅಪ್ಪ ಬಂದು ಚಿಲಕ ಹಾಕಿದ್ದು ಕೇಳಿದ ಮೇಲೆ ನಾನು ನಿದ್ದೆ ಮಾಡುತ್ತಿದ್ದೆ.

ಚುನಾವಣೆ ಬಂದಾಗಲೆಲ್ಲ ಆ ಕೋವಿ ಬಸ್ಸು ಹತ್ತುತ್ತಿತ್ತು. ನೀತಿಸಂಹಿತೆ ಜಾರಿಯಾದರೆ ಲೈಸೆನ್ಸ್ ಇರುವ ಕೋವಿಗಳನ್ನು ಠಾಣೆಯಲ್ಲಿ ಇಡಬೇಕು. ನಮ್ಮ ಕಡೆಯ ಕೃಷಿಕರದ್ದು ಇದು ಹಳೆಯ ಗೋಳು, ಗಡಿಯ ಆಚೆ ಪುತ್ತೂರು, ಸುಳ್ಯ, ಕೊಡಗಿನಲ್ಲೂ ಅದೇ ಗೋಳು: ಹಂದಿಗೆ ನೀತಿಸಂಹಿತೆ ಇಲ್ಲವಲ್ಲ ಎಂದು. 2024ರ ಲೋಕಸಭಾ ಚುನಾವಣೆಯ ಸಂಹಿತೆ ಮಾರ್ಚ್ 16ಕ್ಕೆ ಜಾರಿಯಾಗಿ ಜೂನ್ 6ಕ್ಕೆ ತೆರವಾಯಿತು. ಅಪ್ಪ ಕೋವಿಯನ್ನು ಗೋಣಿಯಲ್ಲಿ ಸುತ್ತಿ ಠಾಣೆಗೆ ಕೊಟ್ಟು ರಶೀದಿ ತಂದರು. ಜೂನ್ ಬರುವ ಮೊದಲೇ ಅಪ್ಪ ತೀರಿಕೊಂಡರು. ಕೋವಿ ವಾಪಸು ಬರಲಿಲ್ಲ.

ಆಮೇಲಿನ ಕತೆ ಹೇಳುವ ಮೊದಲು ಕಾನೂನಿನ ಒಂದು ಗಂಟು ಬಿಡಿಸಬೇಕು. 'ಹಂದಿ ಹೊಡೆಯಲು ಲೈಸೆನ್ಸ್' ಎಂದು ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಹಾಗೆ ಒಂದು ಲೈಸೆನ್ಸ್ ನಮ್ಮ ದೇಶದಲ್ಲಿ ಇಲ್ಲ. ಇರುವುದು ಎರಡು ಬೇರೆ ಬೇರೆ ಕಾಗದ, ಎರಡು ಬೇರೆ ಬೇರೆ ಕಾನೂನಿನವು.

ಮೊದಲನೆಯದು ಕೋವಿಯದು. 1959ರ ಆಯುಧ ಕಾಯ್ದೆಯ ಕೆಳಗೆ ಬರುತ್ತದೆ, ಜಿಲ್ಲಾಧಿಕಾರಿ ಕಚೇರಿಯಿಂದ ಸಿಗುತ್ತದೆ. ಬೆಳೆ ರಕ್ಷಣೆಗೆಂದು ಬಾಯಿಯಿಂದ ಮದ್ದು ತುಂಬುವ ಕೋವಿ ಕೇಳುವವರನ್ನು ಆ ಕಾಯ್ದೆ ಹೆಸರಿಟ್ಟೇ ಹೇಳಿದೆ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ತೋಟೆ ಹಾಕುವ ಕೋವಿಗೂ ಲೈಸೆನ್ಸ್ ಕೊಡಬಹುದು. 2016ರ ನಿಯಮಗಳು ಬಂದ ಮೇಲೆ ಕೋವಿಯನ್ನು ಸುರಕ್ಷಿತವಾಗಿ ಬಳಸುವ ತರಬೇತಿಯ ಸರ್ಟಿಫಿಕೇಟು, ದೇಹ ಮನಸ್ಸು ಎರಡೂ ಸರಿ ಇದೆ ಎಂದು ವೈದ್ಯರ ಪತ್ರ, ಪೊಲೀಸ್ ವರದಿ ಎಲ್ಲ ಬೇಕು. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ.

ಇಷ್ಟೆಲ್ಲ ಇದ್ದರೂ ಆ ಪುಸ್ತಕ ಹೇಳುವುದು ಇಷ್ಟೇ: ಈ ಮನುಷ್ಯ ಈ ಕೋವಿ ಇಟ್ಟುಕೊಳ್ಳಬಹುದು. ಯಾವ ಪ್ರಾಣಿಗೆ ಹೊಡೆಯಬಹುದು ಎಂದು ಅದು ಹೇಳುವುದಿಲ್ಲ. ಅದಕ್ಕೆ ಎರಡನೆಯ ಕಾಗದ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯದ್ದು. ಕಾಡುಹಂದಿ ಹಿಂದೆ ಆ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿತ್ತು. 2023ರ ಏಪ್ರಿಲ್ 1ರಿಂದ ಎರಡನೆಯದಕ್ಕೆ ಬಂದಿದೆ. ಎರಡರಲ್ಲೂ ಸುಮ್ಮನೆ ಹೊಡೆಯುವಂತಿಲ್ಲ, ಹೊಡೆದರೆ ಮೂರು ವರ್ಷದವರೆಗೆ ಜೈಲು. ಹಂದಿ ಮೈಮೇಲೆ ಬಿದ್ದಾಗ ಜೀವ ಉಳಿಸಿಕೊಳ್ಳಲು ಹೊಡೆದರೆ ಅಪರಾಧವಲ್ಲ. ಆದರೆ ಬೆಳೆಯ ಮೇಲೆ ಬಿದ್ದರೆ ಈ ಮಾತು ನಡೆಯುವುದಿಲ್ಲ. ಅದಕ್ಕೆ 11ನೇ ಸೆಕ್ಷನ್ನಿನಲ್ಲಿ ಬೇರೆ ದಾರಿ ಇದೆ: ಪ್ರಾಣಿ ಮನುಷ್ಯರ ಜೀವಕ್ಕೋ ಆಸ್ತಿಗೋ, ಹೊಲದಲ್ಲಿ ನಿಂತ ಪೈರಿಗೋ ಅಪಾಯವಾಗಿದೆ ಎಂದು ಮುಖ್ಯ ವನ್ಯಜೀವಿ ವಾರ್ಡನ್ ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ಬರೆದು ಅನುಮತಿ ಕೊಡಬಹುದು.

ಸಾವಿರಾರು ರೈತರು, ಒಬ್ಬ ಮುಖ್ಯ ವಾರ್ಡನ್. ಕಾಗದ ಬರುವ ಹೊತ್ತಿಗೆ ಗೆಣಸೂ ಇಲ್ಲ, ಹಂದಿಯೂ ಇಲ್ಲ. 2021ರ ಜುಲೈಯಲ್ಲಿ ಕೊಚ್ಚಿಯ ಹೈಕೋರ್ಟು ತನ್ನ ಮುಂದೆ ಬಂದ ಕೆಲವು ಕೃಷಿಕರಿಗೆ ಅವರವರ ಜಮೀನಿನಲ್ಲಿ ಹಂದಿ ಹೊಡೆಯಲು ಇದೇ ಸೆಕ್ಷನ್ನಿನಡಿ ಅನುಮತಿ ಕೊಡಬೇಕೆಂದಿತು. 2022ರ ಮೇ ತಿಂಗಳಲ್ಲಿ ಕೇರಳ ಸರಕಾರ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಪಂಚಾಯತ್ ಅಧ್ಯಕ್ಷರು, ನಗರಸಭೆ ಅಧ್ಯಕ್ಷರು, ಮೇಯರುಗಳನ್ನೇ ಗೌರವ ವನ್ಯಜೀವಿ ವಾರ್ಡನ್ ಮಾಡಿತು. ಆ ಆದೇಶವನ್ನು ಆಮೇಲೆ ವಿಸ್ತರಿಸುತ್ತ ಬಂದಿದ್ದಾರೆ. ಅಂದರೆ ತಿರುವನಂತಪುರದ ವಳುದಕ್ಕಾಡಿನ ಅರಣ್ಯ ಕೇಂದ್ರ ಕಚೇರಿಯಲ್ಲಿದ್ದ ಅಧಿಕಾರ ನಮ್ಮೂರ ಪಂಚಾಯತ್ ಮೆಟ್ಟಿಲಿಗೆ ಬಂತು. ಲೈಸೆನ್ಸ್ ಇರುವ ಕೋವಿಯವರ ಪಟ್ಟಿಯಿಂದ ಒಬ್ಬರನ್ನು ಕರೆಸಬೇಕು. ವಿಷ, ಸ್ಫೋಟಕ, ಕರೆಂಟು ಮೂರನ್ನೂ ಬಳಸಬಾರದು. ಸತ್ತ ಹಂದಿಯನ್ನು ಹೂಳಬೇಕು. ತಿನ್ನುವ ಮಾತೇ ಇಲ್ಲ. ಕಾನೂನಿನ ಪ್ರಕಾರ ಹೊಡೆದ ಹಂದಿ ಸರಕಾರದ ಆಸ್ತಿ.

ಗೆಣಸು ನೆಟ್ಟವನು ಒಬ್ಬ, ಕೋವಿ ಇನ್ನೊಬ್ಬನದು, ಸಹಿ ಮತ್ತೊಬ್ಬರದು, ಹಂದಿ ಸರಕಾರದ್ದು. ಮಹಾನಗರದಲ್ಲಿ ಕೂತು ಓದುವ ನಿಮಗೆ ನಗು ಬರಬಹುದು. ನನಗೂ ಬರುತ್ತಿತ್ತು, ಕಳೆದ ಮಳೆಗಾಲದ ಆ ಫೋನ್ ಬರುವವರೆಗೆ.

ನಮ್ಮ ಕೆಳಗಿನ ಗದ್ದೆಯಲ್ಲಿ ಈಗ ಭತ್ತ ಇಲ್ಲ. ಊರಿನ ಒಬ್ಬ ಹುಡುಗ ಅದರಲ್ಲಿ ಮರಗೆಣಸು, ಸುವರ್ಣಗಡ್ಡೆ, ಬಾಳೆ ಹಾಕುತ್ತಾನೆ. ಸೊಸೈಟಿಯ ಸಾಲ ಇದೆ, ಸಣ್ಣ ಮಗು ಇದೆ. ಮೂರು ರಾತ್ರಿಯಲ್ಲಿ ಹಂದಿಗಳು ಅರ್ಧ ಗದ್ದೆ ಉತ್ತು ಹಾಕಿದವು. ಹೊಸದಾಗಿ ನೆಟ್ಟ ಅಡಕೆ ಸಸಿಗಳನ್ನೂ ಬುಡ ಮೇಲು ಮಾಡಿ ಸಾಲಾಗಿ ಮಲಗಿಸಿದ್ದವು. ತಿನ್ನಲಿಕ್ಕಲ್ಲ, ಬುಡದ ಎರೆಹುಳು ಹುಡುಕಲಿಕ್ಕೆ. ರಾತ್ರಿ ಒಂಬತ್ತೂವರೆಗೆ ಅಮ್ಮ ಫೋನ್ ಮಾಡಿದರು. ಅಷ್ಟು ಹೊತ್ತಿಗೆ ಅವರು ಫೋನ್ ಮಾಡುವವರಲ್ಲ.

"ಅವನು ಪಂಪು ಶೆಡ್ಡಿನಿಂದ ಒಂದು ವಯರು ಎಳೆಯುತ್ತೇನೆ ಅಂತ ಕೇಳ್ತಾ ಇದ್ದಾನೆ. ನಾಲ್ಕು ರಾತ್ರಿ ಮಟ್ಟಿಗೆ ಮಾತ್ರ ಅಂತೆ. ಎಂತ ಹೇಳುವುದು?"

ಹುಡುಗನೇ ಫೋನ್ ತೆಗೆದುಕೊಂಡ. "ಅಣ್ಣ, ಹೆದರಬೇಡಿ. ಹತ್ತು ಗಂಟೆಗೆ ಹಾಕಿ ಐದು ಗಂಟೆಗೆ ತೆಗೆಯುತ್ತೇನೆ. ಆ ಹೊತ್ತಿಗೆ ಅಲ್ಲಿ ಯಾರು ಬರ್ತಾರೆ?"

ಯಾರು ಬರುತ್ತಾರೆ ಎಂಬುದಕ್ಕೆ ಉತ್ತರ ಆಗಷ್ಟೇ ಪತ್ರಿಕೆಗಳಲ್ಲಿ ಬಂದಿತ್ತು. 2025ರ ಜೂನ್‌ನಲ್ಲಿ ಮಲಪ್ಪುರಂ ಜಿಲ್ಲೆಯ ವಳಿಕ್ಕಡವಿನಲ್ಲಿ ಹದಿನೈದು ವರ್ಷದ ಒಬ್ಬ ಹುಡುಗ, ಹಂದಿಗೆಂದು ಕಳ್ಳತನದಲ್ಲಿ ಎಳೆದಿದ್ದ ಕರೆಂಟಿನ ತಂತಿ ತಗಲಿ ಸತ್ತಿದ್ದ. ನೀಲಂಬೂರಿನ ಉಪಚುನಾವಣೆಯ ಸಮಯವಾದ್ದರಿಂದ ಅದು ರಾಜಕೀಯದ ದೊಡ್ಡ ಗದ್ದಲವೂ ಆಯಿತು. ಅದಕ್ಕೂ ಐದು ವರ್ಷ ಹಿಂದೆ, 2020ರ ಮೇ ತಿಂಗಳಲ್ಲಿ, ಪಾಲಕ್ಕಾಡು ಜಿಲ್ಲೆಯ ಮಣ್ಣಾರ್ಕಾಡಿನ ಕಡೆ ಬಾಯಿ ಸಿಡಿದ ಬಸುರಿ ಆನೆಯೊಂದು ಹೊಳೆಯಲ್ಲಿ ನಿಂತೇ ಪ್ರಾಣ ಬಿಟ್ಟದ್ದು ನಿಮಗೆಲ್ಲ ನೆನಪಿರಬಹುದು. ದೇಶವೆಲ್ಲ ಮರುಗಿದ ಆ ಚಿತ್ರದ ಹಿಂದೆ ಇದ್ದದ್ದೂ ಹಂದಿಗೆಂದು ಇಟ್ಟ ಸಿಡಿಮದ್ದೇ. ಮಲಯಾಳದಲ್ಲಿ ಅದಕ್ಕೆ ಪನ್ನಿಪ್ಪಡಕ್ಕಂ ಎಂಬ ಹೆಸರೇ ಇದೆ.

ಕೋವಿ ಹಿಡಿದವನು ಏನಿದ್ದರೂ ಎದುರಿಗೆ ಯಾರಿದ್ದಾರೆ ಎಂದು ನೋಡಿ ಹೊಡೆಯುತ್ತಾನೆ. ತಪ್ಪಿದರೆ ಹೊಣೆ ಯಾರದ್ದೆಂದು ಪುಸ್ತಕದಲ್ಲಿ ಬರೆದಿರುತ್ತದೆ, ಫೋಟೋ ಸಮೇತ. ತಂತಿಗೆ ಕಣ್ಣಿಲ್ಲ, ಎಳೆದವನ ಹೆಸರು ಅದರ ಮೇಲೆ ಇರುವುದಿಲ್ಲ. ಈ ಲೈಸೆನ್ಸು, ಸಹಿ, ಪಟ್ಟಿಗಳ ಒಟ್ಟು ಅರ್ಥ ಇಷ್ಟೇ ಎಂದು ನನಗೆ ಆ ರಾತ್ರಿ ಹೊಳೆಯಿತು. ಕೊಲ್ಲುವ ಕೆಲಸಕ್ಕೆ ಒಬ್ಬ ಮನುಷ್ಯನ ಹೆಸರು ಅಂಟಿಕೊಂಡಿರಬೇಕು.

"ವಯರು ಬೇಡ. ನಾಳೆ ಹೊರಟು ಬರುತ್ತೇನೆ" ಎಂದೆ. ಮಾವೇಲಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಅವನು ನನ್ನ ಮಾತು ಕೇಳದೆ ಎಳೆದಿದ್ದರೆ? ಬೆಳಿಗ್ಗೆ ಹುಲ್ಲಿಗೆ ಹೋಗುವವರು ನಮ್ಮ ಗದ್ದೆಯ ಅಂಚಿನಲ್ಲೇ ನಡೆಯುವುದು.

ಅವನು ಎಳೆದಿರಲಿಲ್ಲ. ಅಮ್ಮ ಪಂಪು ಶೆಡ್ಡಿಗೆ ಬೀಗ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

ಪಂಚಾಯತಿನಲ್ಲಿ ಕೆಲಸ ಬೇಗವೇ ಆಯಿತು, ಸುಳ್ಳು ಹೇಳಬಾರದು. ಅರ್ಜಿಯ ನಮೂನೆ ಮಲಯಾಳದಲ್ಲಿತ್ತು. ನಾವು ಕನ್ನಡದಲ್ಲಿ ಬರೆದುಕೊಟ್ಟೆವು, ತೆಗೆದುಕೊಂಡರು. ಅಧ್ಯಕ್ಷರ ಸಹಿ ಅದೇ ದಿನ ಬಿತ್ತು. ತೊಡಕು ಬಂದದ್ದು ಪಟ್ಟಿಯಲ್ಲಿ. ಅದರಲ್ಲಿದ್ದವರೆಲ್ಲ ಅಪ್ಪನ ವಯಸ್ಸಿನವರು. ಒಬ್ಬರಿಗೆ ಕಣ್ಣಿನ ಪೊರೆ. ಒಬ್ಬರು ಮಂಗಳೂರಿನ ಆಸ್ಪತ್ರೆಯಲ್ಲಿ. ಒಬ್ಬರ ಲೈಸೆನ್ಸ್ ನವೀಕರಣಕ್ಕೆ ಹೋಗಿ ಕೂತಿತ್ತು. ಕೊನೆಗೆ ಪಕ್ಕದ ಊರಿನಿಂದ ಒಬ್ಬರು ಬರಲು ಒಪ್ಪಿದರು. ಎಪ್ಪತ್ತು ದಾಟಿದವರು, ತೋಟೆ ಕೋವಿ, ಜೊತೆಗೆ ಟಾರ್ಚು ಹಿಡಿಯಲು ಅಳಿಯ.

"ನಿನ್ನ ಅಪ್ಪನದು ಎಲ್ಲಿ ಉಂಟು?" ಎಂದು ಕೇಳಿದರು. ಠಾಣೆಯಲ್ಲಿ ಎಂದೆ. "ಹೋದವರ ಕೋವಿ ಎಲ್ಲ ಠಾಣೆಯಲ್ಲೇ. ಮಕ್ಕಳು ಬೆಂಗಳೂರಿನಲ್ಲಿ" ಎಂದು ಎಲೆಯಡಿಕೆ ಉಗಿದರು. ನಾನು ಬೆಂಗಳೂರಲ್ಲ, ತಿರುವನಂತಪುರ ಎಂದು ತಿದ್ದಲು ಹೋಗಲಿಲ್ಲ.

ಎರಡು ರಾತ್ರಿ ಹಂದಿ ಬರಲಿಲ್ಲ. ಮೂರನೆಯ ರಾತ್ರಿ ಎರಡು ಗಂಟೆಯ ಹೊತ್ತಿಗೆ ಒಂದೇ ಒಂದು ಶಬ್ದ ಕೇಳಿತು. ಎಷ್ಟೋ ವರ್ಷದ ಮೇಲೆ ಆ ಮನೆಯಲ್ಲಿ ಮಲಗಿ ಕೋವಿಯ ಶಬ್ದ ಕೇಳಿದ್ದು. ಟಾರ್ಚಿನ ಬೆಳಕಿನಲ್ಲಿ ದೊಡ್ಡ ಗಂಡು ಹಂದಿ, ಮೂತಿಗೆ ನಮ್ಮ ಗದ್ದೆಯ ಕೆಸರು ಮೆತ್ತಿತ್ತು. ಬೆಳಿಗ್ಗೆ ಆಳೆತ್ತರದ ಗುಂಡಿ ತೋಡಿ, ಅಗೆದು ತೆಗೆಯುವ ಆಸೆ ಯಾರಿಗೂ ಬಾರದಂತೆ ಸೀಮೆಎಣ್ಣೆ ಸುರಿದು, ಮಣ್ಣು ಮುಚ್ಚಿದೆವು. ಫೋಟೋ, ಮಹಜರು, ಸಹಿ ಎಲ್ಲ ಆಯಿತು. ನೋಡಲು ಬಂದವರಲ್ಲಿ ಕೆಲವರ ಮುಖ ಸಣ್ಣದಾಗಿತ್ತು. ಅಷ್ಟು ಮಾಂಸ ಮಣ್ಣಿಗೆ ಹೋಯಿತಲ್ಲ ಎಂದು.

ಅಮ್ಮ ನೋಡಲು ಬರಲಿಲ್ಲ. ಆ ಸಂಜೆ ಪಂಜುರ್ಲಿಯ ಕಟ್ಟೆಗೆ ಹೋಗಿ ದೀಪ ಇಟ್ಟು ಬಂದರು. 2022ರಲ್ಲಿ 'ಕಾಂತಾರ' ನೋಡಿದ ಮೇಲೆ ಪಂಜುರ್ಲಿ ಎಂದರೆ ಏನೆಂದು ನಿಮ್ಮ ಅಪಾರ್ಟ್‌ಮೆಂಟಿನ ಮಕ್ಕಳಿಗೂ ಗೊತ್ತು: ಹಂದಿಯ ರೂಪದ ದೈವ. ತುಳುವಿನ ಪಂಜಿ, ಮಲಯಾಳದ ಪನ್ನಿ, ಕೊಡವರ ಪಂದಿ, ಹಳೆಗನ್ನಡದ ಪಂದಿಯೇ ಆದ ನಮ್ಮ ಹಂದಿ, ಎಲ್ಲ ಒಂದೇ ಬೇರಿನ ಮಾತುಗಳು. ಈ ನೆಲದಲ್ಲಿ ಅದು ನಮ್ಮಷ್ಟೇ ಹಳಬ. ಗದ್ದೆ ಕಾಯಲಿ ಎಂದು ಹಂದಿಗೇ ಕೈಮುಗಿದು, ಗದ್ದೆಗೆ ನುಗ್ಗಿದ ಹಂದಿಗೆ ಕೋವಿ ಎತ್ತಿದವರು ನಮ್ಮ ಹಿರಿಯರು. ಎರಡರಲ್ಲಿ ಒಂದನ್ನು ಬಿಡಬೇಕು ಎಂದು ಅವರಿಗೆ ಅನ್ನಿಸಲಿಲ್ಲ.

ಅಮೆರಿಕದ ಡಲ್ಲಾಸಿನಲ್ಲಿರುವ ಚಿಕ್ಕಮ್ಮನ ಮಗನಿಗೆ ಈ ಕತೆ ಹೇಳಿದಾಗ ಅವನು ನಕ್ಕುಬಿಟ್ಟ. "ಅಣ್ಣ, ನಮ್ಮ ಟೆಕ್ಸಾಸಿನಲ್ಲಿ ಹಂದಿಗೆ ಲೈಸೆನ್ಸೇ ಬೇಡ." ಅವನು ಹೇಳಿದ್ದು ನಿಜ. 2019ರ ಸೆಪ್ಟೆಂಬರ್ 1ರಿಂದ ಟೆಕ್ಸಾಸಿನ ಖಾಸಗಿ ಜಮೀನಿನಲ್ಲಿ, ಜಮೀನಿನ ಒಡೆಯರು ಒಪ್ಪಿದರೆ, ಬೇಟೆಯ ಲೈಸೆನ್ಸ್ ಇಲ್ಲದೆ ಹಂದಿ ಹೊಡೆಯಬಹುದು. ಅದಕ್ಕೂ ಮೊದಲೇ, 2011ರಲ್ಲಿ, ಹೆಲಿಕಾಪ್ಟರಿನಿಂದ ಹೊಡೆಯಲೂ ದಾರಿ ಮಾಡಿಕೊಟ್ಟಿದ್ದರು. ಆದರೆ ಅಲ್ಲಿನ ಹಂದಿ ಬೇರೆ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ಹಡಗಿನಲ್ಲಿ ತಂದ ಸಾಕುಹಂದಿ ತಪ್ಪಿಸಿಕೊಂಡು ಕಾಡು ಸೇರಿದ್ದು. ಆ ನೆಲಕ್ಕೆ ಅದು ಹೊರಗಿನದು, ಅದನ್ನು ತಿಂದು ಬದುಕುವ ಹುಲಿ ಅಲ್ಲಿಲ್ಲ. ನಮ್ಮದು ಕಾಡಿನದೇ ಕೂಸು. ಹುಲಿ, ಚಿರತೆ, ಸೀಳುನಾಯಿಗಳ ಊಟ. ಇಲ್ಲಿ ಪೂರ್ತಿ ಬಾಗಿಲು ತೆರೆದರೆ ಹಂದಿಯ ಹೆಸರಿನಲ್ಲಿ ಕಡವೆ, ಬರಿಂಕವೂ ಹೋಗುತ್ತವೆ.

ಹಾಗಂತ ಭಾರತದಲ್ಲಿ ಬಾಗಿಲು ತೆರೆದೇ ಇಲ್ಲ ಎಂದಲ್ಲ. ಕೇಂದ್ರ ಸರಕಾರ 62ನೇ ಸೆಕ್ಷನ್ನಿನಡಿ ಒಂದು ಪ್ರಾಣಿಯನ್ನು ಇಂಥ ಪ್ರದೇಶದಲ್ಲಿ ಇಷ್ಟು ಕಾಲ ಉಪದ್ರವಿ ಎಂದು ಸಾರಬಹುದು. ಆಗ ಎರಡನೆಯ ಕಾಗದ ಬೇಡ. 2015ರ ಕೊನೆಗೆ ಬಿಹಾರದ ಕೆಲವು ಜಿಲ್ಲೆಗಳಲ್ಲಿ, 2016ರಲ್ಲಿ ಉತ್ತರಾಖಂಡದಲ್ಲಿ ಕಾಡುಹಂದಿಯನ್ನು ಒಂದೊಂದು ವರ್ಷಕ್ಕೆ ಹೀಗೆ ಸಾರಿದ್ದರು. ಕೇರಳ ಅದನ್ನೇ ಕೇಳುತ್ತ ಬಂದಿದೆ, ದಿಲ್ಲಿ ಒಪ್ಪಿಲ್ಲ. 2025ರ ಅಕ್ಟೋಬರಿನಲ್ಲಿ ಇಲ್ಲಿನ ವಿಧಾನಸಭೆ ಆ ಅಧಿಕಾರವನ್ನು ರಾಜ್ಯಕ್ಕೇ ತರುವ ತಿದ್ದುಪಡಿ ಮಸೂದೆಯನ್ನು ಪಾಸು ಮಾಡಿತು. ಕೇಂದ್ರದ ಕಾಯ್ದೆಯನ್ನು ತಿದ್ದುವ ಮಸೂದೆಯಾದ್ದರಿಂದ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬೇಕು.

ಕೊಡಗಿನದು ಇನ್ನೊಂದು ಬಗೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಮೊದಲನೆಯ ಕಾಗದದಿಂದಲೇ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದದ್ದು, ಈಗ 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದ್ದಾರೆ. ಆದರೆ ಆ ವಿನಾಯಿತಿ ಕೋವಿಗೆ ಮಾತ್ರ, ಬೇಟೆಗಲ್ಲ. ಮಡಿಕೇರಿಯಲ್ಲಿ ಕೋವಿಗೆ ಪೂಜೆ ಮಾಡುವವರೂ ಹಂದಿ ಹೊಡೆಯಬೇಕಾದರೆ ಎರಡನೆಯ ಕಾಗದವನ್ನು ಕೇಳಲೇಬೇಕು.

ಇಷ್ಟನ್ನೆಲ್ಲ ಓದಿ, ಕೇಳಿ ತಿಳಿದುಕೊಂಡ ಮೇಲೆ ನನಗೆ ಅನ್ನಿಸುವುದು ಹೀಗೆ. ನಾವು ಜಗಳ ಮಾಡುತ್ತಿರುವುದು ಎರಡನೆಯ ಕಾಗದಕ್ಕೆ. ಅದು ದೂರವಿದ್ದಾಗ ಸಿಟ್ಟು ಬರುವುದು ನ್ಯಾಯವೇ. ಹತ್ತಿರಕ್ಕೆ ತಂದದ್ದು ಒಳ್ಳೆಯದೇ. ಆದರೆ ನಮ್ಮೂರಲ್ಲಿ ಅದು ಒಂದೇ ದಿನದಲ್ಲಿ ಸಿಕ್ಕಿತು. ಖಾಲಿಯಾಗುತ್ತಿರುವುದು ಮೊದಲನೆಯ ಕಾಗದದ ಪಟ್ಟಿ. ಹೆಸರುಗಳು ಒಂದೊಂದಾಗಿ ಅಳಿಯುತ್ತಿವೆ, ಹೊಸ ಹೆಸರು ಸೇರುತ್ತಿಲ್ಲ. ಸೇರಬೇಕಾದವರು ಪಟ್ಟಂನಲ್ಲಿ, ಅಂಧೇರಿಯಲ್ಲಿ, ವೈಟ್‌ಫೀಲ್ಡಿನಲ್ಲಿ ಕೂತು ಈ ಅಂಕಣ ಬರೆಯುತ್ತಿದ್ದೇವೆ, ಓದುತ್ತಿದ್ದೇವೆ. ಆ ಖಾಲಿ ಜಾಗಕ್ಕೇ ತಂತಿ ಬರುತ್ತದೆ, ಪಡಕ್ಕಂ ಬರುತ್ತದೆ.

ಅಪ್ಪನ ಕೋವಿಯನ್ನು ನನ್ನ ಹೆಸರಿಗೆ ಮಾಡಿಸಬಹುದಿತ್ತು. ವಾರಸುದಾರರಿಗೆ ನಿಯಮದಲ್ಲಿ ದಾರಿ ಇದೆ. ಅಕ್ಕನ ಒಪ್ಪಿಗೆ ಪತ್ರವೂ ಬಂದಿತ್ತು. ಅರ್ಜಿ ತುಂಬಲು ಕೂತಾಗ ಅಮ್ಮ ಒಂದೇ ಮಾತು ಕೇಳಿದರು: "ನಿನ್ನ ಹೆಸರಿಗೆ ಆದ ಮೇಲೆ ಅದು ಎಲ್ಲಿರುವುದು? ಅಲ್ಲಿಯೋ, ಇಲ್ಲಿಯೋ?"

ಅದೇ ಪ್ರಶ್ನೆ. ನನ್ನ ಲೈಸೆನ್ಸಿನ ಕೋವಿಯನ್ನು ಅಮ್ಮನ ಬಳಿ ಬಿಟ್ಟು ಬರುವಂತಿಲ್ಲ. ಪಟ್ಟಂನ ಎರಡನೆಯ ಮಹಡಿಯ ಬಾಡಿಗೆ ಮನೆಯಲ್ಲಿ ಬೆಳೆ ರಕ್ಷಣೆಗೆ ಯಾವ ಬೆಳೆ ಇದೆ? ಬಾಲ್ಕನಿಯಲ್ಲಿ ಒಂದು ಕರಿಬೇವು. "ನಿಮ್ಮ ಹೆಸರಿಗೆ ಮಾಡಿಸೋಣವೇ" ಎಂದೆ. ಹೆಂಗಸರಿಗೂ ಕೊಡುತ್ತಾರೆ, ತಡೆ ಇಲ್ಲ. "ನನಗೆ ಸೂಜಿಗೆ ನೂಲು ಹಾಕಲು ಕಣ್ಣು ಕಾಣುವುದಿಲ್ಲ ಮಾರಾಯ" ಎಂದರು.

ಕೊನೆಗೆ ಸರಕಾರಕ್ಕೆ ಒಪ್ಪಿಸಲು ಬರೆದುಕೊಟ್ಟೆವು. ಅದಕ್ಕೂ ವಾರಸುದಾರರ ಸಹಿಗಳು ಬೇಕಾದವು. ನನ್ನ ಸಹಿಯನ್ನು ಇಲ್ಲಿ ಪಟ್ಟಂನಲ್ಲಿ ಒಬ್ಬ ನೋಟರಿಯ ಮುಂದೆ ಹಾಕಿದೆ. ಅವರು ತಲೆ ಎತ್ತಿ, "ತೋಕ್ಕೋ?" ಎಂದು ಒಮ್ಮೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಹೊರೆ ಇಳಿಯಿತು ಎಂದುಕೊಂಡಿದ್ದೆ. ಹಾಗೇನೂ ಅನ್ನಿಸಲಿಲ್ಲ.

ನಿಮ್ಮ ಊರಿನ ಮನೆಯಲ್ಲೂ ಗೋಡೆಯ ಮೂಲೆಯಲ್ಲೋ ಠಾಣೆಯಲ್ಲೋ ಒಂದು ಕೋವಿ ಇದ್ದರೆ, ಮುಂದಿನ ಸಲ ಹೋದಾಗ ಪುಸ್ತಕ ತೆಗೆದು ನೋಡಿ. ಅವಧಿ ಯಾವಾಗ ಮುಗಿಯುತ್ತದೆ, ಯುಐಎನ್ ಸಂಖ್ಯೆ ಬಿದ್ದಿದೆಯೇ ನೋಡಿ. ಲೈಸೆನ್ಸ್ ಇರುವವರಿಗೆ ಎಪ್ಪತ್ತು ವರ್ಷ ತುಂಬಿದ್ದರೆ, ಇಲ್ಲವೇ ಆ ಕೋವಿ ಅವರ ಬಳಿ ಇಪ್ಪತ್ತೈದು ವರ್ಷದಿಂದ ಇದ್ದರೆ, ಅವರು ಬದುಕಿರುವಾಗಲೇ ವಾರಸುದಾರರೊಬ್ಬರನ್ನು ಹೆಸರಿಸಿ ವರ್ಗಾಯಿಸಬಹುದು. ತೀರಿಕೊಂಡ ಮೇಲೆ ಕೋವಿಯನ್ನು ಮನೆಯಲ್ಲಿ ಇಟ್ಟುಕೊಂಡರೆ ಅದು ಜೈಲಿಗೆ ಹೋಗುವ ಅಪರಾಧ. ತಡ ಮಾಡದೆ ಠಾಣೆಗೋ ಲೈಸೆನ್ಸ್ ಇರುವ ವ್ಯಾಪಾರಿಗೋ ಒಪ್ಪಿಸಿ ರಶೀದಿ ಪಡೆಯಬೇಕು. ಊರಲ್ಲೇ ಉಳಿದಿರುವ ತಮ್ಮನೋ ತಂಗಿಯೋ ಇದ್ದರೆ ಅವರಿಗೆ ಮಾಡಿಸಿಕೊಡಿ. ಮುಖ್ಯವಾಗಿ, ಪಂಪು ಶೆಡ್ಡಿನಿಂದ ಯಾರಾದರೂ ವಯರು ಎಳೆಯುತ್ತಿದ್ದಾರೆಯೇ ಎಂದು ಕೇಳಿ. ಕೇಳಲು ಮುಜುಗರ ಬೇಡ.

ನಮ್ಮ ಗದ್ದೆಗೆ ಈಗ ಸೋಲಾರ್ ಬೇಲಿ ಬಂದಿದೆ. ಅದರ ಹೊಡೆತ ಕ್ಷಣದ್ದು. ಮುಟ್ಟಿದ ಹಂದಿ ಹಿಂದೆ ಹಾರುತ್ತದೆ, ಸಾಯುವುದಿಲ್ಲ. ಖರ್ಚಿನಲ್ಲಿ ಅರ್ಧ ನಾನು ಹಾಕಿದೆ, ಹುಡುಗನ ಗೆಣಸು ಈ ಸಲ ಅಷ್ಟಿಷ್ಟು ಉಳಿದಿದೆ. ಬೇಲಿಗೆ ಬಳ್ಳಿ ತಾಗಿದರೆ ಕರೆಂಟು ಸೋರುತ್ತದೆ, ವಾರಕ್ಕೊಮ್ಮೆ ಯಾರಾದರೂ ಸುತ್ತು ಬಂದು ಸವರಬೇಕು. ಅಮ್ಮನೇ ಕತ್ತಿ ಹಿಡಿದು ಹೋಗುತ್ತಾರೆ. ಸಂಜೆ ಹೊತ್ತು ಅತ್ತ ಹೋದಾಗ ಒಂದೆರಡು ಸಲ ಜೋರಾಗಿ ಕೂಗಿ ಬರುತ್ತಾರಂತೆ.

ಯಾಕಮ್ಮ ಎಂದು ಕೇಳಿದೆ.

"ಜನ ಇದ್ದಾರೆ ಅಂತ ಗೊತ್ತಾಗಬೇಕಲ್ಲ."